ಜಕಾರ್ಡನ ಊರಿನಲ್ಲಿ ಎರಡು ವರ್ಷ

ನಮ್ಮ ವಿದ್ಯಾಶಾಲೆಯ ಸ್ಮರಣ ಸಂಚಿಕೆಗೆ ಪರದೇಶದ ವಿದ್ಯಾರ್ಥಿ ಜೀವನವನ್ನು ಕುರಿತು ನಾಲ್ಕು ಪುಟಗಳನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯ ಹಿರಿಯರು ಅಪ್ಪಣೆ ಮಾಡಿದ್ದಾರೆ. ಫ್ರಾನ್ಸ್ ಎಂದೊಡನೆ ಓದುಗರ ಕಣ್ಣ ಮುಂದೆ ಐಫೆಲ್ ಗೋಪುರ ಬಂದು ನಿಲ್ಲುವುದು ಸಹಜ. ಆ ಗೋಪುರವನ್ನು ನಾನು ಕಂಡದ್ದು ಒಮ್ಮೆ ಮಾತ್ರ, ಅದೂ ಕೊಡೆಯ ಅಂಚಿನಿಂದ. ಆದುದರಿಂದ ಅದನ್ನು ಪ್ರವಾಸ ಕಥನಕಾರರಿಗೆ ಬಿಟ್ಟು, 2014ರ ಸೆಪ್ಟೆಂಬರಿನಿಂದ 2016ರ ಬೇಸಗೆಯವರೆಗೆ ನಾನು ಬಾಳಿದ ಲಿಯೋಂ ನಗರದ ದಿನನಿತ್ಯದ ಸಂಗತಿಗಳನ್ನಷ್ಟೇ ಇಲ್ಲಿ ನಿವೇದಿಸುತ್ತೇನೆ.

ಭೂಗೋಳದ ಪಾಠದಲ್ಲಿ ನಾವು ಈ ಊರನ್ನು ‘ಲಿಯಾನ್ಸ್’ ಎಂದು ಓದಿದ್ದೆವು. ರೇಷ್ಮೆಗೆ ಪ್ರಸಿದ್ಧ ಎಂಬ ಒಂದೇ ಸಾಲು. ರೋನ್ ಮತ್ತು ಸೋನ್ ಎಂಬ ಎರಡು ನದಿಗಳು ಕೂಡುವ ಊರು ಅದು. ರೋನ್ ಆಲ್ಪ್ಸ್ ಪರ್ವತದ ಹಿಮನದಿಯಲ್ಲಿ ಹುಟ್ಟಿ, ಜಿನೀವಾ ಸರೋವರವನ್ನು ಹಾಯ್ದು ರಭಸದಿಂದ ಬರುತ್ತದೆ. ಸೋನ್ ಮಂದಗಾಮಿನಿ, ಅದು ಯಾವ ಕಡೆಗೆ ಹರಿಯುತ್ತಿದೆಯೆಂಬುದು ಕಣ್ಣಿಗೆ ತಿಳಿಯದೆಂದು ಜೂಲಿಯಸ್ ಸೀಸರನೇ ಬರೆದಿಟ್ಟಿದ್ದಾನೆ. ಕೃಷ್ಣೆ ಮಲಪ್ರಭೆಯರು ಕೂಡುವುದನ್ನು ಕೂಡಲಸಂಗಮದಲ್ಲಿ ಕಂಡು ಬೆಳೆದ ನಾನು ಮೊದಲ ಭಾನುವಾರವೇ ಸಂಗಮವನ್ನು ಹುಡುಕಿಕೊಂಡು ಹೋದೆ. ಅಲ್ಲಿ ಗುಡಿಯಿರಲಿಲ್ಲ. ಗಾಜು ಉಕ್ಕುಗಳ ಒಂದು ಭಾರಿ ವಸ್ತುಸಂಗ್ರಹಾಲಯ ಆ ಡಿಸೆಂಬರಿನಲ್ಲಿ ತೆರೆದುಕೊಳ್ಳಲು ಸಿದ್ಧವಾಗುತ್ತಿತ್ತು. ಅದರಾಚೆ, ಎರಡು ಬಣ್ಣದ ನೀರು ಒಂದಾಗುವ ಮುನ್ನ ಸ್ವಲ್ಪ ದೂರ ಅಕ್ಕಪಕ್ಕದಲ್ಲೇ ನಡೆಯುತ್ತಿದ್ದವು.

ದಾನಿಗಳೂ ಪಾಲಕರೂ ಓದುವ ಪುಟಗಳಿವು; ಆದುದರಿಂದ ಹಣದ ಮಾತನ್ನು ಮರೆಮಾಡಬಾರದು. ಅಲ್ಲಿಯ ಸಾರ್ವಜನಿಕ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ತರಗತಿಯ ಒಂದು ವರ್ಷದ ಶುಲ್ಕ ಆಗ 256 ಯೂರೋ ಮಾತ್ರವಿತ್ತು, ನಾಡಿಗನಿಗೂ ಪರದೇಶಿಗೂ ಒಂದೇ. 2019ರಲ್ಲಿ ಐರೋಪ್ಯ ಒಕ್ಕೂಟದ ಹೊರಗಿನಿಂದ ಹೊಸದಾಗಿ ಬರುವವರಿಗೆ ಅದನ್ನು 3770 ಯೂರೋಗಳಿಗೆ ಏರಿಸಿದರು. ಅನೇಕ ವಿಶ್ವವಿದ್ಯಾಲಯಗಳು ವಿನಾಯಿತಿ ಕೊಟ್ಟವೆಂಬುದೂ ನಿಜ. ಶುಲ್ಕ ಕಡಿಮೆಯಾದರೂ ಕೊಠಡಿಯ ಬಾಡಿಗೆ, ಅನ್ನ, ವಿಮಾನದ ದರಗಳು ಕಡಿಮೆಯಲ್ಲ. ಗುಳೇದಗುಡ್ಡದ ನಮ್ಮ ಮನೆಯಲ್ಲಿದ್ದ ಮೂರು ಮಗ್ಗಗಳಲ್ಲಿ ಒಂದನ್ನು ತಂದೆಯವರು ಆ ವರ್ಷ ಕುಣಿಯಿಂದ ಮೇಲೆತ್ತಿ ಮಾರಿದರು. ನನಗೆ ಆ ಸುದ್ದಿ ತಿಳಿದದ್ದು ಲಿಯೋಂ ತಲುಪಿದ ಮೇಲೆ.

ಕಾಗದಪತ್ರಗಳ ಸಾಹಸವನ್ನು ವಿಸ್ತರಿಸಲಾರೆ. ಬ್ಯಾಂಕಿನ ಖಾತೆ ತೆರೆಯಲು ವಿಳಾಸದ ಪುರಾವೆ ಬೇಕು. ವಿಳಾಸ ದೊರೆಯಬೇಕಾದರೆ ಬ್ಯಾಂಕಿನ ಖಾತೆ ಬೇಕು. ಕೋಳಿ ಮೊದಲೋ ಮೊಟ್ಟೆ ಮೊದಲೋ ಎಂಬ ತರ್ಕಕ್ಕೆ ಉತ್ತರ ದೊರೆತವರು ಮಾತ್ರ ಅಲ್ಲಿ ನೆಲೆಸಬಲ್ಲರು. ವಾಸದ ಪರವಾನಗಿಗಾಗಿ ಒಂದು ಕಚೇರಿಯ ಮುಂದೆ ನಸುಕಿನಲ್ಲಿ ನಿಂತ ಸಾಲು, ಎದೆಯ ಕ್ಷಕಿರಣ ಚಿತ್ರ, ಮೂರು ಪ್ರತಿ, ನಾಲ್ಕು ಭಾವಚಿತ್ರ — ಇವೆಲ್ಲ ಹೇಗೋ ಮುಗಿದವು.

ಭಾಷೆಯ ವಿಷಯ ಹಾಗಲ್ಲ. ಅದು ದಿನವೂ ಹೊಸದು. ಇಂಗ್ಲಿಷ್ ಬಂದರೆ ಜಗತ್ತೇ ಬಂದಂತೆ ಎಂಬ ನಂಬಿಕೆಯಲ್ಲಿ ಬೆಳೆದ ಪೀಳಿಗೆ ನಮ್ಮದು. ಆ ಊರಿನಲ್ಲಿ ನನ್ನ ಕೈಹಿಡಿದದ್ದು ಇಂಗ್ಲಿಷಲ್ಲ, ಕನ್ನಡ. ಫ್ರೆಂಚರಲ್ಲಿ ‘ತು’ ಮತ್ತು ‘ವು’ ಎಂಬ ಎರಡು ಸಂಬೋಧನೆಗಳಿವೆ. ಯಾರಿಗೆ ಯಾವುದು, ಯಾವಾಗ ಒಂದರಿಂದ ಇನ್ನೊಂದಕ್ಕೆ ದಾಟಬೇಕು ಎಂಬುದನ್ನು ನಮ್ಮ ತರಗತಿಯಲ್ಲಿದ್ದ ಅಮೆರಿಕದ ವಿದ್ಯಾರ್ಥಿಯೊಬ್ಬ ಪಟ್ಟಿ ಮಾಡಿ ಕಂಠಪಾಠ ಮಾಡುತ್ತಿದ್ದ. ‘ನೀನು’, ‘ನೀವು’ಗಳ ನಡುವೆ ಬೆಳೆದವನಿಗೆ ಆ ಪಟ್ಟಿಯ ಅಗತ್ಯವೇನು? ಗುರುಗಳಿಗೆ ‘ನೀವು’, ಗೆಳೆಯನಿಗೆ ‘ನೀನು’, ತಾಯಿಗೂ ‘ನೀನು’. ಇಂದಿನ ಅವರ ಪ್ರಾರ್ಥನೆಗಳಲ್ಲಿ ದೇವರಿಗೂ ‘ತು’ ಎಂದೇ ಹೇಳುತ್ತಾರೆಂದು ಕೇಳಿದಾಗ ನನಗೆ ಆಶ್ಚರ್ಯವಾಗಲಿಲ್ಲ.

ಸಂಖ್ಯೆಗಳದು ಇನ್ನೊಂದು ಕಥೆ. ಫ್ರಾನ್ಸಿನಲ್ಲಿ ಎಪ್ಪತ್ತಕ್ಕೆ ‘ಅರವತ್ತು-ಹತ್ತು’ ಎನ್ನುತ್ತಾರೆ, ಎಂಬತ್ತಕ್ಕೆ ‘ನಾಲ್ಕು ಇಪ್ಪತ್ತು’, ತೊಂಬತ್ತೇಳಕ್ಕೆ ‘ನಾಲ್ಕು ಇಪ್ಪತ್ತು-ಹದಿನೇಳು’. ದೂರವಾಣಿ ಸಂಖ್ಯೆಯನ್ನು ಎರಡೆರಡು ಅಂಕಿಯ ಜೋಡಿಗಳಾಗಿ ಹೇಳುವುದು ಅಲ್ಲಿಯ ಪದ್ಧತಿ. ಅವರು ‘ಅರವತ್ತು’ ಎಂದೊಡನೆ ಹೊಸಬರು ಆರು ಬರೆದಿರುತ್ತಾರೆ. ಮರುಕ್ಷಣ ‘ಹನ್ನೆರಡು’ ಎಂದಾಗ ಆರನ್ನು ಅಳಿಸಿ ಎಪ್ಪತ್ತೆರಡು ಮಾಡಬೇಕು. ಅಷ್ಟರಲ್ಲಿ ಮುಂದಿನ ಜೋಡಿ ಹೊರಟುಹೋಗಿರುತ್ತದೆ. ಜಿನೀವಾ, ಲೊಸಾನ್‌ಗಳ ಕಡೆಯವರು ಎಪ್ಪತ್ತಕ್ಕೂ ತೊಂಬತ್ತಕ್ಕೂ ಬೇರೆ ಸರಳ ಪದಗಳನ್ನಿಟ್ಟುಕೊಂಡು ಸುಖವಾಗಿದ್ದಾರೆ. ಲಿಯೋಂ ಅಷ್ಟು ದಯಾಳುವಲ್ಲ. ಆದರೆ ನಮ್ಮ ಅಜ್ಜಿ ಕಂಡಿಕೆಗಳನ್ನು ಎಣಿಸುತ್ತಿದ್ದುದು ‘ಒಂದಿಪ್ಪತ್ತು, ಎರಡಿಪ್ಪತ್ತು, ಮೂರಿಪ್ಪತ್ತು ಮ್ಯಾಲೆ ಹತ್ತು’ ಎಂದೇ. ಶಾಲೆಯ ಕಟ್ಟೆ ಹತ್ತದ ಆಕೆಯ ಲೆಕ್ಕವನ್ನು ಕೇಳಿ ನಾವು ಹುಡುಗರು ನಗುತ್ತಿದ್ದೆವು. ಆ ಲೆಕ್ಕವೇ ನನ್ನನ್ನು ಲಿಯೋಂ ಸಂತೆಯಲ್ಲಿ ಕಾಪಾಡಿತು.

ಇನ್ನು ಆಹಾರ. ಲಿಯೋಂ ತನ್ನನ್ನು ಫ್ರೆಂಚ್ ಪಾಕಶಾಸ್ತ್ರದ ರಾಜಧಾನಿಯೆಂದು ಕರೆದುಕೊಳ್ಳುತ್ತದೆ. ‘ಬುಶೋಂ’ ಎಂಬ ಅಲ್ಲಿಯ ಹಳೆಯ ಭೋಜನಗೃಹಗಳಲ್ಲಿ ಪ್ರಾಣಿಯ ಯಾವ ಅಂಗವನ್ನೂ ವ್ಯರ್ಥಮಾಡುವುದಿಲ್ಲ. ಊರಿನ ಹೆಸರಿನದೇ ಒಂದು ಸೊಪ್ಪಿನ ಖಾದ್ಯವಿದೆ. ಅದರಲ್ಲೂ ಹಂದಿಯ ಮಾಂಸದ ಚೂರು, ಮೇಲೊಂದು ಮೊಟ್ಟೆ. “ಮಾಂಸ ಬೇಡ” ಎಂದರೆ “ಹಾಗಾದರೆ ಮೀನು ಕೊಡಲೇ?” ಎಂದು ಅತ್ಯಂತ ಸೌಜನ್ಯದಿಂದ ಕೇಳುತ್ತಾರೆ. ವಿದ್ಯಾರ್ಥಿ ಭೋಜನಾಲಯದ ಪರಿಚಾರಿಕೆಯೊಬ್ಬರು ಕೆಲವು ವಾರಗಳಲ್ಲಿ ನನ್ನನ್ನು ಗುರುತಿಸಿ, ಸಾಲಿನಲ್ಲಿ ನನ್ನ ತಲೆ ಕಂಡೊಡನೆ ಹಸಿರು ಚನ್ನಂಗಿ ಬೇಳೆಯನ್ನು ಎರಡು ಸವಟು ಹೆಚ್ಚಾಗಿ ಬಡಿಸಿಡುತ್ತಿದ್ದರು. ಪ್ರಸಾದ ನಿಲಯದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತು ಕಲಿತವನಿಗೆ ಬಡಿಸುವ ಕೈಯ ಮನಸ್ಸು ಬೇಗ ತಿಳಿಯುತ್ತದೆ.

ಆದರೂ ಜೋಳದ ರೊಟ್ಟಿಯಿಲ್ಲದೆ ಎಷ್ಟು ದಿನ? ರೋನ್ ನದಿಯ ಪೂರ್ವಕ್ಕೆ ಗಿಯೋತಿಯೇರ್ ಎಂಬ ಬಡಾವಣೆಯಿದೆ. ಏಷ್ಯಾ ಆಫ್ರಿಕಗಳ ಅಂಗಡಿಗಳೆಲ್ಲ ಅಲ್ಲಿ. ಅಲ್ಲಿಯ ಟ್ಯುನೀಸಿಯದ ಒಬ್ಬ ವ್ಯಾಪಾರಿಯ ಬಳಿ ‘ದ್ರೋ’ ಎಂಬ ಬೂದುಬಣ್ಣದ ಹಿಟ್ಟು ಕಂಡಿತು. ಟ್ಯುನೀಸಿಯದವರು ಚಳಿಗಾಲದ ಮುಂಜಾನೆ ಅದರ ಗಂಜಿ ಮಾಡಿ ಕುಡಿಯುತ್ತಾರೆ. ಬೆರಳಿನಲ್ಲಿ ತಿಕ್ಕಿ ಮೂಸಿ ನೋಡಿದೆ: ಸಾಕ್ಷಾತ್ ಜೋಳ! ಆ ರಾತ್ರಿ ನಿಲಯದ ಕೊಠಡಿಯಲ್ಲಿ, ಒಂದೇ ವಿದ್ಯುತ್ ಒಲೆಯ ಮುಂದೆ, ಬಿಸಿನೀರಿನಲ್ಲಿ ಹಿಟ್ಟು ನಾದಿ ಬಡಿಯತೊಡಗಿದೆ. 2015ರ ಮಾರ್ಚಿನಿಂದ ಫ್ರಾನ್ಸಿನ ಎಲ್ಲ ವಾಸದ ಮನೆಗಳಿಗೂ ಹೊಗೆಸೂಚಕ ಯಂತ್ರ ಕಡ್ಡಾಯವಾಗಿತ್ತು. ಆ ಯಂತ್ರಕ್ಕೆ ರೊಟ್ಟಿಯ ಹೊಗೆಗೂ ಅಗ್ನಿಪ್ರಮಾದಕ್ಕೂ ಭೇದ ತಿಳಿಯದು. ಅದು ಕಿರುಚಿಕೊಂಡ ಮರುಕ್ಷಣವೇ ಬಾಗಿಲು ಬಡಿದ ಸದ್ದು. ಪಕ್ಕದ ಕೊಠಡಿಯ ಮಾಲಿ ದೇಶದ ವಿದ್ಯಾರ್ಥಿ ಅವನು; ಗಣಿತದವನು. ಜಗಳಕ್ಕೆಂದು ಬಂದವನು ಒಲೆಯ ಮೇಲಿನದನ್ನು ಕಂಡು ಸುಮ್ಮನಾದ. ಅವನ ನಾಡಿನಲ್ಲೂ ಜೋಳ ಸಜ್ಜೆಗಳೇ ಅನ್ನ. ‘ತೋ’ ಎಂಬ ಗಟ್ಟಿ ಮುದ್ದೆ ಮಾಡಿ, ಬೆಂಡೆಯ ಸಾರಿನೊಡನೆ ಉಣ್ಣುತ್ತಾರೆ. ಕಿಟಕಿ ತೆರೆದು, ಚಳಿಯಲ್ಲಿ ನಡುಗುತ್ತ, ಶೇಂಗಾ ಹಿಂಡಿ ಹಚ್ಚಿಕೊಂಡು ಇಬ್ಬರೂ ನಾಲ್ಕು ರೊಟ್ಟಿ ಮುಗಿಸಿದೆವು. ಮುಂದಿನ ಶನಿವಾರಗಳಲ್ಲಿ ಒಮ್ಮೆ ಅವನ ಮುದ್ದೆ, ಒಮ್ಮೆ ನನ್ನ ರೊಟ್ಟಿ.

2015ರ ನವೆಂಬರ್ 13ರಂದು ಪ್ಯಾರಿಸ್ಸಿನಲ್ಲಿ ನಡೆದ ಹತ್ಯಾಕಾಂಡವನ್ನು ಓದುಗರು ಬಲ್ಲರು. ಮರುದಿನದಿಂದ ಲಿಯೋಂ ನಗರದ ನಿಲ್ದಾಣಗಳಲ್ಲಿಯೂ ಬಂದೂಕು ಹಿಡಿದ ಸೈನಿಕರು, ಅಂಗಡಿ ಬಾಗಿಲಲ್ಲಿ ಚೀಲದ ತಪಾಸಣೆ. ನಾನೂ ಗೆಳೆಯನೂ ಗುರುತಿನ ಚೀಟಿಯಿಲ್ಲದೆ ರೊಟ್ಟಿಯಂಗಡಿಗೂ ಹೋಗುತ್ತಿರಲಿಲ್ಲ. ಕೂಡಿ ನಡೆಯುವಾಗ ಅವನ ಚೀಲವನ್ನೇ ಮೊದಲು ತೆರೆಸುತ್ತಿದ್ದರು. ಅವನು ಮಾತಾಡುತ್ತಿರಲಿಲ್ಲ, ನಾನೂ ಏನು ಹೇಳಲಿ?

ಡಿಸೆಂಬರ್ 8 ಆ ಊರಿನ ದೀಪೋತ್ಸವ. 1852ರಲ್ಲಿ ಫುರ್ವಿಯೇರ್ ಬೆಟ್ಟದ ಮೇಲೆ ಮೇರಿಮಾತೆಯ ಪ್ರತಿಮೆಯನ್ನು ಅನಾವರಣ ಮಾಡಬೇಕಾಗಿತ್ತು. ಬಿರುಗಾಳಿಯಿಂದ ಸಮಾರಂಭ ಕೆಡುವಂತಾದಾಗ ಜನರು ತಾವಾಗಿಯೇ ಕಿಟಕಿಗಳಲ್ಲಿ ದೀಪ ಹಚ್ಚಿದರಂತೆ. ಈಗ ಲಕ್ಷಾಂತರ ಪ್ರವಾಸಿಗಳು ಬಣ್ಣದ ಬೆಳಕಿನ ಪ್ರದರ್ಶನಗಳಿಗಾಗಿ ಬರುತ್ತಾರೆ. ಆ ವರ್ಷ ಉತ್ಸವವನ್ನು ರದ್ದು ಮಾಡಿ, ಮಡಿದವರ ನೆನಪಿಗಾಗಿ ಕಿಟಕಿಯಲ್ಲಿ ಹಣತೆಗಳನ್ನಷ್ಟೇ ಇಡಬೇಕೆಂದು ನಗರಾಡಳಿತ ಕೇಳಿಕೊಂಡಿತು. ಗೆಳೆಯನೂ ನಾನೂ ಗಾಜಿನ ಪುಟ್ಟ ಬಟ್ಟಲುಗಳಲ್ಲಿ ಮೇಣದ ಬತ್ತಿಯಿಟ್ಟು, ಅವನ ಕಿಟಕಿಗೆ ಆರು, ನನ್ನದಕ್ಕೆ ಆರು ಹಚ್ಚಿದೆವು. ಕೆಳಗಿನ ಬೀದಿಯಲ್ಲಿ ಹೋಗುತ್ತಿದ್ದ ವೃದ್ಧರೊಬ್ಬರು ನಿಂತು ಮೇಲೆ ನೋಡಿ, ಟೊಪ್ಪಿಗೆ ತೆಗೆದು, ಮತ್ತೆ ಹಾಕಿಕೊಂಡು ಮುಂದೆ ನಡೆದರು.

ಫುರ್ವಿಯೇರ್ ಬೆಟ್ಟವನ್ನು ‘ಪ್ರಾರ್ಥಿಸುವ ಗುಡ್ಡ’ವೆಂದೂ ಎದುರಿನ ಕ್ರುವಾ-ರೂಸ್ ಬೆಟ್ಟವನ್ನು ‘ದುಡಿಯುವ ಗುಡ್ಡ’ವೆಂದೂ ಆ ಊರವರು ಕರೆಯುತ್ತಾರೆ. ದುಡಿದವರು ನೇಕಾರರು, ಅವರಿಗೆ ‘ಕಾನ್ಯು’ ಎಂದು ಹೆಸರು. ಹಲ್ಲುಕಂಬಿಯ ಮೇಲೆ ಏರುವ ಸುರಂಗ ರೈಲಿನಲ್ಲಿ ಅಲ್ಲಿಗೆ ಹೋದರೆ, ಚೌಕದಲ್ಲಿ ಒಂದು ಪ್ರತಿಮೆ. ಹೆಸರು ಓದಿದೆ: ಜೋಸೆಫ್-ಮರೀ ಜಕಾರ್. ನಾನು ಅಲ್ಲಿಯೇ ನಿಂತುಬಿಟ್ಟೆ. ‘ಜಕಾರ್ಡ’ ಎಂಬುದು ನಮ್ಮ ಮನೆಯಲ್ಲಿ ದಿನಕ್ಕೆ ಹತ್ತು ಬಾರಿ ಬರುವ ಮಾತು. ಮಗ್ಗದ ನೆತ್ತಿಯ ಮೇಲೆ ಕುಳಿತು, ತೂತಿನ ರಟ್ಟುಗಳನ್ನು ಒಂದೊಂದಾಗಿ ಓದಿ, ಕಣದ ಮೇಲೆ ಹೂವು ಎತ್ತುವ ಯಂತ್ರ ಅದು. ಅದು ಒಬ್ಬ ಮನುಷ್ಯನ ಹೆಸರೆಂದು ಗುಳೇದಗುಡ್ಡದಲ್ಲಿ ನನಗೆ ಯಾರೂ ಹೇಳಿರಲಿಲ್ಲ. 1752ರಲ್ಲಿ ಈ ಊರಿನಲ್ಲಿಯೇ ಹುಟ್ಟಿದ ಆತ, ತನಗಿಂತ ಹಿಂದಿನವರ ಪ್ರಯತ್ನಗಳನ್ನು ಕೂಡಿಸಿ 1804ರ ವೇಳೆಗೆ ಆ ಯಂತ್ರವನ್ನು ಸಿದ್ಧಪಡಿಸಿದ. ತೂತು ಇದ್ದರೆ ಎಳೆ ಏಳುತ್ತದೆ, ಇಲ್ಲದಿದ್ದರೆ ಇಲ್ಲ. ನಾನು ಓದಲು ಹೋಗಿದ್ದ ಗಣಕ ವಿಜ್ಞಾನದ ಮೊದಲ ಪುಟಗಳಲ್ಲಿ ಬರುವ ರಂಧ್ರಪತ್ರ ಹುಟ್ಟಿದ್ದು ಅದೇ ರಟ್ಟಿನಿಂದ. “ಮಗ್ಗ ಬ್ಯಾಡ, ಓದು” ಎಂದು ಕಳಿಸಿದ ತಂದೆಯ ಮಾತನ್ನು ಪಾಲಿಸುತ್ತ ಸಾವಿರಾರು ಮೈಲಿ ಬಂದು, ಮತ್ತೆ ಮಗ್ಗದ ಮುಂದೆಯೇ ನಿಂತಿದ್ದೆ.

ಜಕಾರ್ಡ್ ಮಗ್ಗ ಎತ್ತರವಾದ್ದರಿಂದ ಆ ಗುಡ್ಡದ ಮನೆಗಳ ಮಾಳಿಗೆ ಸುಮಾರು ನಾಲ್ಕು ಮೀಟರು ಎತ್ತರ. ಬೆಳಕಿಗಾಗಿ ಉದ್ದನೆಯ ಕಿಟಕಿಗಳು. ಮನೆಯಿಂದ ಮನೆಗೆ, ಬೀದಿಯಿಂದ ಬೀದಿಗೆ ಅಂಗಳಗಳ ಒಳಗಿನಿಂದಲೇ ದಾಟುವ ಮುಚ್ಚಿದ ಹಾದಿಗಳಿವೆ. ರೇಷ್ಮೆ ಮಳೆಯಲ್ಲಿ ನೆನೆಯದಂತೆ ನೇಕಾರರು ಅವುಗಳಲ್ಲಿ ಹೊತ್ತು ಒಯ್ಯುತ್ತಿದ್ದರು. ಇಂದು ಆ ಮನೆಗಳಲ್ಲಿ ಮಗ್ಗಗಳಿಲ್ಲ. ಒಂದು ಸಂಗ್ರಹಾಲಯದಲ್ಲಿ ಚೀಟಿ ಕೊಂಡು ಒಳಹೋದರೆ ಮಾತ್ರ ಮಗ್ಗದ ಸದ್ದು ಕೇಳಬಹುದು. ಆ ಸದ್ದಿಗೆ ಅವರು ‘ಬಿಸ್ತಾಂಕ್ಲಾಕ್’ ಎನ್ನುತ್ತಾರೆ. ನೇಯ್ದು ತೋರಿಸುತ್ತಿದ್ದ ಹಿರಿಯರು ಪ್ರೇಕ್ಷಕರನ್ನೆಲ್ಲ ‘ವು’ ಎಂದೇ ಕರೆಯುತ್ತಿದ್ದರು. ಹರಿದ ಎಳೆಯನ್ನು ಅವರು ಗಂಟು ಹಾಕುವಾಗ ನನ್ನ ಬೆರಳುಗಳೂ ತಾವಾಗಿಯೇ ಆಡಿದುವೇನೋ. ನನ್ನ ಕೈ ನೋಡಿ, ಯಾರು ನೀವು ಎಂದು ಕೇಳಿದರು. ಭಾರತದ ನೇಕಾರನ ಮಗ ಎಂದೆ. ಅವರು ಲಾಳಿಯನ್ನು ನನ್ನ ಅಂಗೈಯಲ್ಲಿಟ್ಟು, “ಹಾಗಾದರೆ ನಿನಗೆ ಗೊತ್ತಿದೆ” ಎಂದರು. ‘ತು’ ಎಂದಿದ್ದರು.

ಆ ರಾತ್ರಿ ಮನೆಗೆ ದೂರವಾಣಿ ಮಾಡಿದೆ. ತಂದೆಯವರು ಮೊದಲು ಕೇಳಿದ್ದು “ಎಷ್ಟ ಹುಕ್ಕಿನ ಜಕಾರ್ಡ ಅದು?” ಎಂದು. ಆಮೇಲೆ ಎರಡನೆಯ ಮಗ್ಗದ ಸುದ್ದಿ ಹೇಳಿದರು: ನೂಲು ಕೊಡುವ ಸಾಹುಕಾರರು ಮಜೂರಿ ಇಳಿಸಿದ್ದಾರೆ, ಯಂತ್ರಮಗ್ಗದ ಬಟ್ಟೆಯ ಮುಂದೆ ಕೈಮಗ್ಗದ ಕಣ ನಿಲ್ಲುತ್ತಿಲ್ಲ. ನಾನು ಅಂದು ತಿಳಿದುಬಂದುದನ್ನು ಹೇಳಿದೆ. ಲಿಯೋಂ ನಗರದಲ್ಲಿಯೂ ರೇಷ್ಮೆ ವ್ಯಾಪಾರಿಗಳು ನೂಲು ಕೊಟ್ಟು, ನೇಯ್ದಷ್ಟಕ್ಕೆ ಮಜೂರಿ ಎಣಿಸುತ್ತಿದ್ದರು. 1831ರಲ್ಲಿ ನೇಕಾರರು ಕನಿಷ್ಠ ದರವನ್ನು ಕೇಳಿದರು. ಅಕ್ಟೋಬರಿನಲ್ಲಿ ಜಿಲ್ಲೆಯ ಅಧಿಕಾರಿಯ ಮುಂದೆ ದರದ ಒಪ್ಪಂದವಾಯಿತು. ಕೆಲವು ವ್ಯಾಪಾರಿಗಳು ಅದನ್ನು ಒಪ್ಪಲಿಲ್ಲ. ನವೆಂಬರಿನಲ್ಲಿ ಗುಡ್ಡದ ಜನ ಕೆಳಗಿಳಿದು ಬಂದು ಕೆಲವು ದಿನ ಇಡೀ ನಗರವನ್ನೇ ಹಿಡಿದಿದ್ದರು.

ತಂದೆಯವರು ಉಸಿರು ಬಿಗಿಹಿಡಿದು ಕೇಳುತ್ತಿದ್ದರು. “ಮುಂದ? ದರಾ ಸಿಕ್ತೇನು ಅವರಿಗೆ?”

ಡಿಸೆಂಬರಿನಲ್ಲಿ ರಾಜನ ಸೈನ್ಯ ಬಂದಿತು, ದರವನ್ನು ರದ್ದು ಮಾಡಿದರು, ಒಪ್ಪಂದ ಮಾಡಿಸಿದ ಅಧಿಕಾರಿಯನ್ನೂ ತೆಗೆದುಹಾಕಿದರು ಎಂದೆ.

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಹಿನ್ನೆಲೆಯಲ್ಲಿ ಒಂದೇ ಮಗ್ಗದ ಸದ್ದು ಕೇಳುತ್ತಿತ್ತು, ತಾಯಿ ಕುಳಿತಿರಬೇಕು. ಕೊನೆಗೆ ಅವರೆಂದರು: “ಇರಲಿ. ಹುಕ್ಕು ಎಣಿಸ್ಕೊಂಡು ಬಾ, ಮರೀಬ್ಯಾಡ. ಊಟಾ ಆತೇನು?”