ಚೆಲ್ಲಿದ ಮುತ್ತು, ಸುಟ್ಟ ಎಲೆ

ಬೇಸಿಗೆ ಬಂತೆಂದರೆ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ ನಾಟಕ. ಹಗಲೆಲ್ಲ ಹೊಲದಲ್ಲಿ ದುಡಿದವರು ಸಂಜೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಮಟ್ಟು ಕಲಿಯುತ್ತಾರೆ. ನಾಟಕದ ದಿನ ಕಿರೀಟ ಇಟ್ಟು ಬೆಳಗಾಗುವವರೆಗೆ ಹಾಡುತ್ತಾರೆ. ನಮ್ಮೂರಲ್ಲಿ ಅಪ್ಪ ದುರ್ಯೋಧನ, ಅವರ ಗೆಳೆಯ ಕರ್ಣ. ಆ ಗೆಳೆಯರನ್ನು ನಾವು ಚಿಕ್ಕಪ್ಪ ಎಂದೇ ಕರೆಯುತ್ತಿದ್ದೆವು.

ಸ್ನೇಹದ ಮಾತೆತ್ತಿದರೆ ಹಿರಿಯರು ಹೇಳುತ್ತಿದ್ದುದು ನೆತ್ತದ, ಅಂದರೆ ಪಗಡೆಯಾಟದ, ಕಥೆ. ಆಟದಲ್ಲಿ ಸೋತ, ದುರ್ಯೋಧನನ ಹೆಂಡತಿ ಭಾನುಮತಿಯ ಮುತ್ತಿನ ಹಾರಕ್ಕೆ ಕರ್ಣ ಕೈ ಹಾಕಿದ, ಹಾರ ಹರಿದು ಮುತ್ತೆಲ್ಲ ಚೆಲ್ಲಿತು. ಒಳಗೆ ಬಂದ ದುರ್ಯೋಧನ, ಆಯ್ದುಕೊಡಲೇ ಎಂದಷ್ಟೇ ಕೇಳಿದ. 941ರ ಪಂಪಭಾರತದಲ್ಲೂ ಈ ನೆತ್ತದ ಪ್ರಸಂಗವಿದೆ. ಚೆಂದದ ಕಥೆ. ಆದರೆ ಅಲ್ಲಿ ಕರ್ಣ ತಪ್ಪನ್ನೇ ಮಾಡಿರಲಿಲ್ಲ. ತಪ್ಪು ಮಾಡದವನನ್ನು ನಂಬುವುದು ಅಷ್ಟು ಕಷ್ಟವಲ್ಲ.

ಕಷ್ಟ ಬಂದದ್ದು ಆಮೇಲೆ. ಅರ್ಜುನನ ಹೊರತು ಮಿಕ್ಕ ನಾಲ್ವರು ಪಾಂಡವರನ್ನು ಕೊಲ್ಲುವುದಿಲ್ಲವೆಂದು ಕರ್ಣ ಹೆತ್ತ ತಾಯಿ ಕುಂತಿಗೆ ಮಾತು ಕೊಟ್ಟ. ಅನ್ನ ಕೊಟ್ಟ ಗೆಳೆಯನ ಗೆಲುವಿಗೇ ಅದು ಕುತ್ತು. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಕರ್ಣನ ಹೆಣದ ಮುಂದೆ ಅಳುವಾಗ, ನೀನು ಯಾರ ಮಗನೆಂಬುದು ನನಗೂ ಗೊತ್ತಿತ್ತು ಎನ್ನುತ್ತಾನೆ. ಗೊತ್ತಿದ್ದೂ ಸೇನಾಪತಿಯ ಪಟ್ಟ ಕಟ್ಟಿದ್ದ.

ಅಂಥ ಕಷ್ಟ ನಮ್ಮ ಮನೆಗೂ ಬಂತು. ಒಂದು ಮಳೆಗಾಲ ಹೊಗೆಸೊಪ್ಪು ಬೇಯಿಸುವಾಗ ಅಪ್ಪ ಕೆ.ಆರ್. ನಗರಕ್ಕೆ ಹೋಗಬೇಕಾಗಿ ಬಂತು. ರಾತ್ರಿ ಬ್ಯಾರನ್, ಅಂದರೆ ಸೊಪ್ಪು ಬೇಯಿಸುವ ಗೂಡು, ಕಾಯಲು ಚಿಕ್ಕಪ್ಪ ಒಪ್ಪಿಕೊಂಡರು. ಸೌದೆ ಹದವಾಗಿ ಇಡಬೇಕು, ಕಾವು ಏರದಂತೆ ನೋಡುತ್ತಿರಬೇಕು. ಒಣಗಿದ ಎಲೆಯೊಂದು ಒಳಗೆ ಕಾವು ಹಾಯಿಸುವ ಕಾದ ಕೊಳವೆಯ ಮೇಲೆ ಉದುರಿದರೆ ಸಾಕು, ಎಲ್ಲ ಬೂದಿ. ಬೆಳಿಗ್ಗೆ ಅಪ್ಪ ಬಂದಾಗ ಸೊಪ್ಪು ಕಟ್ಟಿದ ಕಡ್ಡಿಗಳು ಇದ್ದಿಲಾಗಿದ್ದವು. ಅಪ್ಪ ಗೂಡಿನ ಬಾಯಿಯ ಬೂದಿ ಕೆದಕಿ ನೋಡಿದರು. ಪಕ್ಕದಲ್ಲಿ ಮಡಿಸಿದ ಕಂಬಳಿ ಬಿದ್ದಿತ್ತು. ಅದನ್ನು ಎತ್ತಿ ಹೆಗಲಿಗೆ ಹಾಕಿಕೊಂಡು, ‘ಕೊಳವೆ ಬಿರುಕು ಬಿಟ್ಟಿತ್ತು’ ಎಂದು ಅಮ್ಮನಿಗೆ ಹೇಳಿದರು. ಆ ವರ್ಷದ ಸಾಲ ತೀರಲು ಮೂರು ವರ್ಷ ಹಿಡಿಯಿತು. ಮರುಬೇಸಿಗೆಯ ನಾಟಕದಲ್ಲಿ ಕರ್ಣನಿಗೆ ಪಟ್ಟ ಕಟ್ಟಿದವರೂ ಅಪ್ಪನೇ.

ಎಷ್ಟೋ ವರ್ಷದ ಮೇಲೆ, ಅಪ್ಪ ಹಾಸಿಗೆ ಹಿಡಿದಾಗ, ಚಿಕ್ಕಪ್ಪ ಕಾಲ ಬಳಿ ಕೂತು ಹೇಳಿದರು: ‘ಅವತ್ತು ನಿದ್ದೆ ಹೋಗ್ಬುಟ್ಟಿದ್ದೆ ಕಣ್ಲಾ.’

‘ಗೊತ್ತಿತ್ತು ಬುಡ್ಲಾ. ಕಂಬಳಿ ಇನ್ನೂ ಬೆಚ್ಚಗಿತ್ತು.’

ನಂಬಿಕೆಯೆಂದರೆ ಗೆಳೆಯ ಎಡವುವುದೇ ಇಲ್ಲ ಎಂಬ ಭರವಸೆಯೆಂದು ಅಲ್ಲಿಯವರೆಗೆ ತಿಳಿದಿದ್ದೆ. ಎಡವಿದವನ ಕಂಬಳಿಯನ್ನು ಯಾರಿಗೂ ಕಾಣದಂತೆ ಎತ್ತಿಕೊಳ್ಳುವುದೂ ನಂಬಿಕೆಯೇ ಎಂದು ಅಂದು ಕಲಿತೆ.