ದೇವನಹಳ್ಳಿಯಲ್ಲಿ ಕಲಿತ ಪಾಠ

ಟಿಪ್ಪುವಿನ ಜನ್ಮಸ್ಥಳವಾದ ದೇವನಹಳ್ಳಿಯ ಬಳಿ 2008ರಲ್ಲಿ ತೆರೆದ ವಿಮಾನನಿಲ್ದಾಣಕ್ಕೆ ನಾವು 2019ರಲ್ಲಿ ಕಾಶೀಯಾತ್ರೆಗೆಂದು ಹೋದೆವು. ಅಲ್ಲಿ ನಮ್ಮ ತಾಯಿಯವರಿಗೆ ತಲೆಸುತ್ತು ಬಂದು ಪ್ರಯಾಣವು ನಿಂತಿತು. ಕೌಂಟರಿನಲ್ಲಿ ವಿಚಾರಿಸಲು, ನಮ್ಮ ಟಿಕೇಟಿನ ಮೂಲದರವು ಹಿಂದಿರುಗತಕ್ಕದ್ದಲ್ಲವೆಂದರು. ನಮ್ಮೊಡನೆ ಉಳಿದ ಭಾವನವರಿಗಾದರೋ ಬಹುಪಾಲು ಹಣವು ಮರಳಿತು. ಅವರು ಹೆಚ್ಚು ತೆತ್ತಿದ್ದರು.

ಎಕಾನಮಿಯ ಪೀಠಗಳೆಲ್ಲವೂ ನೋಡಲು ಒಂದೇ. ದರಗಳು ಮಾತ್ರ ಹಲವು. ವೈ, ಎಂ, ಕ್ಯೂ ಮೊದಲಾದ ಅಕ್ಷರಗಳಿಂದ ಅವುಗಳ ವರ್ಗವನ್ನು ಗುರುತಿಸುವರು. ಆದರೆ ಅಕ್ಷರಗಳ ಅರ್ಥವು ಕಂಪೆನಿಯಿಂದ ಕಂಪೆನಿಗೆ ಬೇರೆಯಾದುದರಿಂದ ನಿಬಂಧನೆಗಳನ್ನೇ ಓದತಕ್ಕದ್ದು. ಅಗ್ಗದ ದರವೆಂದರೆ ಮನಸ್ಸು ಬದಲಿಸುವ ಸ್ವಾತಂತ್ರ್ಯವನ್ನು ಮುಂಗಡವಾಗಿ ಮಾರಿದಂತೆಯೇ ಸರಿ.

ಆದರೂ ವಾಚಕರು ಒಂದು ವಿಷಯವನ್ನು ನೆನಪಿಡಬೇಕು. ಭಾರತದ ನಿಯಮದಂತೆ, ಮೂಲದರವು ಮುಳುಗಿದರೂ, ಪ್ರಯಾಣ ಮಾಡದವರಿಗೆ ಸರಕಾರದ ತೆರಿಗೆಗಳೂ ನಿಲ್ದಾಣದ ಅಭಿವೃದ್ಧಿ ಶುಲ್ಕವೂ ಹಿಂದಿರುಗಬೇಕು. ಇದನ್ನರಿತು ನಾವು ಪತ್ರ ಬರೆಯಲು, ಅಷ್ಟು ಹಣವು ಕೈಸೇರಿತು.

2022ರಲ್ಲಿ ತಾಯಿಯವರು ಗಂಗಾಸ್ನಾನ ಮಾಡಿದರು. ಆ ಸಲ ಅವರ ಟಿಕೇಟನ್ನು ಮಾತ್ರ ಹೆಚ್ಚಿನ ದರದಲ್ಲಿ, ರದ್ದಾದರೆ ಹಣ ಮರಳುವಂಥದನ್ನೇ ಕೊಂಡಿದ್ದೆವು.