ಚೀಟಿಯಲ್ಲಿಲ್ಲದ ಪರಿಚಯ

ಸಂಗೀತ ಸಭೆಗಳ ನಿರೂಪಕರ ಮೇಲೆ ನನಗೊಂದು ಹಳೇ ಸಿಟ್ಟಿದೆ. ಹಾಡಲು ಕೂತ ಎಳೆಯರನ್ನು ಪರಿಚಯಿಸುವಾಗ ಎಲ್ಲರಿಗೂ ಒಂದೇ ಚೀಟಿ: ಬಾಲ್ಯದಿಂದಲೇ ಅಪಾರ ಆಸಕ್ತಿ, ಇಂಥವರಲ್ಲಿ ಅಭ್ಯಾಸ, ಇಷ್ಟು ಬಹುಮಾನ. ಮುಗಿಯಿತು. ಹೆಸರೊಂದು ಬದಲಾಯಿಸಿದರೆ ಮುಂದಿನವರಿಗೂ ಅದೇ ಆದೀತು.

ಹಾರ್ಮೋನಿಯಂ ಸಾಥಿಗೆ ಕೂರುವ ನನಗೆ ಆ ಚೀಟಿಯಲ್ಲಿಲ್ಲದ್ದು ಸಿಗುತ್ತದೆ. ವೇದಿಕೆಯ ಹಿಂದಿನ ಕೋಣೆಯಲ್ಲಿ ತಂಬೂರಿ ಶ್ರುತಿಗೂಡುತ್ತಿರುತ್ತದೆ, ತಬಲಾದವರು ಸುತ್ತಿಗೆಯಿಂದ ಟಕಟಕ ತಟ್ಟುತ್ತಿರುತ್ತಾರೆ. ಹುಡುಗರ ಕೈ ತಣ್ಣಗಾಗಿರುತ್ತದೆ. ಸುಮ್ಮನೆ ಕೂರಲಾರದೆ ಮಾತಿಗಿಳಿಯುತ್ತಾರೆ. ಭಜನೆಯಲ್ಲಿ ತಾಳ ಹಾಕುವ ಅಪ್ಪ, ಮಗಳ ಪಾಠ ಮುಗಿಯುವ ತನಕ ಮೆಟ್ಟಿಲ ಮೇಲೆ ಕೂತು ಹೂ ಕಟ್ಟುವ ಅವ್ವ, ಎಲ್ಲರೂ ಆ ಕೋಣೆಗೆ ಬಂದು ಹೋಗುತ್ತಾರೆ.

ಧಾರವಾಡದಲ್ಲೊಬ್ಬ ಹುಡುಗ ಹೇಳಿದ್ದು ಮರೆಯಲಾರೆ. ಚಿಕ್ಕಂದಿನಲ್ಲಿ ಕಪ್ಪು ಐದರಲ್ಲಿ ಹಾಡಿ ಹೋದಲ್ಲೆಲ್ಲ ಬಹುಮಾನ ತರುತ್ತಿದ್ದವನಿಗೆ ಒಂಬತ್ತನೇ ಕ್ಲಾಸಿನಲ್ಲಿ ದನಿ ಒಡೆಯಿತು. “ಸಾ ಹಚ್ಚಾಕ ಹೋದ್ರ ಕತ್ತಿ ಒದರಿದಂಗ ಆಗತಿತ್ರಿ ಸರ. ಕ್ಲಾಸಿಗೆ ಹೋಗೂದ ಬಿಟ್ಟಬಿಟ್ಟೆ.” ಗುರುಗಳೇ ಮನೆಗೆ ಹೋಗಿ, ಹಾಡಬ್ಯಾಡ, ತಂಬೂರಿ ಹಿಡಕೊಂಡು ಕುಂದರು ಬಾ ಅಂದರಂತೆ. ಆಮೇಲೆ ಬೆಳಗಿನ ಜಾವ ಮಂದ್ರದ ಸ್ವರಗಳು, ಒಂದೊಂದಾಗಿ. ಎರಡು ವರ್ಷದ ಮೇಲೆ ದನಿ ನೆಲೆ ನಿಂತಾಗ ಶ್ರುತಿ ಬಿಳಿ ಒಂದಕ್ಕೆ ಇಳಿದಿತ್ತು.

ನಾನವನಿಗೆ ಗಂಗೂಬಾಯಿ ಹಾನಗಲ್ಲರ ಕಥೆ ಹೇಳಿದೆ. 1930ರ ದಶಕದಲ್ಲಿ ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದ ಅವರ ರೆಕಾರ್ಡುಗಳಲ್ಲಿ ಇರುವುದು ತೆಳುವಾದ, ಎತ್ತರದ ಹೆಣ್ಣುದನಿ. ಮುಂದೆ ಟಾನ್ಸಿಲ್ ಚಿಕಿತ್ಸೆಯಾಯಿತು, ದನಿ ಗಡುಸಾಯಿತು. ಗಂಡುದನಿ ಅಂದರು ಜನ. ಅದೇ ದನಿಯಲ್ಲಿ ಅವರು ಹಾಡಿದರು, ಲೋಕ ತಲೆದೂಗಿತು. 2002ರಲ್ಲಿ ಪದ್ಮವಿಭೂಷಣವೂ ಬಂತು. ಅವರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಕಲಿತದ್ದು ಸವಾಯಿ ಗಂಧರ್ವರಲ್ಲಿ. ಆ ಗುರುವಿನ ಕಂಠವೂ ಸಲೀಸಾಗಿ ಒಲಿದದ್ದಲ್ಲ, ಅಬ್ದುಲ್ ಕರೀಂ ಖಾನರ ಕೈಕೆಳಗೆ ಕಠಿಣ ಸಾಧನೆಯಿಂದ ಪಳಗಿದ್ದು. ಇವರೆಲ್ಲರ ಘರಾಣೆಯಾದ ಕಿರಾಣಾದವರು ಒಂದು ಸ್ವರದ ಮೇಲೆ ಅಷ್ಟು ಹೊತ್ತು ನಿಲ್ಲುವುದನ್ನು ಕೇಳಿದಾಗಲೆಲ್ಲ ನನಗೆ ಅನ್ನಿಸುತ್ತದೆ, ಆ ಸ್ವರ ಇವರಿಗೆ ಪುಕ್ಕಟೆ ಸಿಕ್ಕಿಲ್ಲ.

ಮೊಬೈಲಿನಲ್ಲಿ ಗಂಗೂಬಾಯಿಯವರ ಎರಡೂ ದನಿ ಹಚ್ಚಿ ಕೇಳಿಸಿದೆ. “ಇಬ್ಬರೂ ಒಬ್ಬರೇನ್ರಿ?” ಎಂದು ಮತ್ತೊಮ್ಮೆ ಹಾಕಿಸಿಕೊಂಡ. ಅಷ್ಟರಲ್ಲಿ ಕರೆ ಬಂತು.

ಅವತ್ತು ಅವನು ಹಾಡಿದ್ದು ಪೂರಿಯಾ. ಮಂದ್ರದಲ್ಲೇ ಹೆಚ್ಚು ಓಡಾಡುವ ರಾಗ. ಅವನು ಮಂದ್ರ ನಿಷಾದಕ್ಕೆ ಇಳಿದಾಗ ಬೆರಳು ಹಗುರ ಮಾಡಿ ಜಾಗ ಬಿಟ್ಟುಕೊಟ್ಟೆ. ಆ ಸ್ವರಕ್ಕೆ ಅವನು ತೆತ್ತ ಎರಡು ವರ್ಷ ನನಗೆ ಗೊತ್ತಿತ್ತಲ್ಲ! ಕಥೆ ಗೊತ್ತಿದ್ದರೆ ಕಿವಿ ಬೇರೆ ಥರ ತೆರೆಯುತ್ತದೆ, ಕೈಯೂ.

ಎದುರಿಗೆ ಮಾತ್ರ ಖಾಲಿ ಕುರ್ಚಿಗಳು. ಊರಿನ ರಸಿಕರೆಲ್ಲ ಮುಖ್ಯ ಕಲಾವಿದರ ಹೊತ್ತಿಗೆ ಬರುವವರು. ದಯವಿಟ್ಟು ಒಂದು ತಾಸು ಮೊದಲು ಬನ್ನಿ. ಆಮಂತ್ರಣ ಪತ್ರಿಕೆಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಹೆಸರಿಗೂ ಬನ್ನಿ.